ಮಂಡಳಿಯ ಬಾಗಿಲಲ್ಲಿ ಚಾಪೆ ಹೊದ್ದವರು

ಆಪಿಯಾ
೧೨ ನವೆಂಬರ್ ೨೦೧೮

ಪ್ರೀತಿಯ ತಂಗಿ ಪೆನಿನಾ,

ಆಕ್ಲೆಂಡಿನಲ್ಲಿ ಈಗ ಚಳಿ ಬಿಟ್ಟಿರಬೇಕು. ನೀನೂ ಮಕ್ಕಳೂ ಆರಾಮವಾಗಿದ್ದೀರೆಂದು ನಂಬಿದ್ದೇನೆ. ಎರಡು ತಿಂಗಳಿಂದ ಒಂದು ಸಾಲೂ ಬರೆಯಲಿಲ್ಲ, ಬೈಯಬೇಡ. ನೀನು ಹೆಣೆದು ಕಳಿಸಿದ ಉಣ್ಣೆಯ ಶಾಲು ತಲುಪಿತು. ಇಲ್ಲಿಯ ಸೆಖೆಯಲ್ಲಿ ಅದನ್ನು ಹೊದ್ದರೆ ಜನ ನನ್ನನ್ನು ಹುಚ್ಚಾಸ್ಪತ್ರೆಗೆ ಸೇರಿಸುತ್ತಾರೆ! ಆದರೂ ಪೆಟ್ಟಿಗೆಯಲ್ಲಿಡಲು ಮನಸ್ಸಾಗದೆ ಕುರ್ಚಿಯ ಬೆನ್ನಿಗೆ ಹಾಕಿಕೊಂಡಿದ್ದೇನೆ.

ತಡವಾದದ್ದಕ್ಕೆ ನಮ್ಮ ಮಂಡಳಿಯೇ ಕಾರಣ. ವಿದ್ಯಾರ್ಥಿಗಳು ಪರೀಕ್ಷೆಯಲ್ಲೋ ಪ್ರಬಂಧದಲ್ಲೋ ಮೋಸ ಮಾಡಿದರೆ ವಿಚಾರಿಸಲು ವಿಶ್ವವಿದ್ಯಾಲಯ ನೇಮಿಸಿದ ಐವರಿಗೆ ನಾನೇ ಅಧ್ಯಕ್ಷೆ ಎಂದು ಹಿಂದೆ ಜಂಬದಿಂದ ಬರೆದಿದ್ದೆನಲ್ಲ. ಕಳೆದ ವಾರ ಬಂದವಳು ಯಾನೆಟಾ, ಕೊನೆಯ ವರ್ಷದ ಹುಡುಗಿ. ಪ್ರಬಂಧದ ಮೊದಲ ಪುಟದಲ್ಲಿ ‘ಇದು ನನ್ನ ಸ್ವಂತ ಬರಹ’ ಎಂದು ಸಹಿ ಹಾಕಿದ್ದಾಳೆ. ಒಳಗಿನ ಅರ್ಧ ಬರೆದವಳು ಅವಳ ದೊಡ್ಡಪ್ಪನ ಮಗಳು. ಮೇಷ್ಟರು ಎರಡು ಪ್ರಶ್ನೆ ಕೇಳಿದ್ದೇ ಗುಟ್ಟು ಬಯಲಾಯಿತು.

“ಒಂದೇ ಮನೆ ಅಲ್ವಾ ಮೇಡಂ? ಕೆಸುವಿನ ತೋಟದಲ್ಲಿ ಒಬ್ಬರು ಅಗೆದ್ರೆ ಇನ್ನೊಬ್ಬರು ನೆಡ್ತೀವಿ. ಅಕ್ಕ ಬರೆದ್ಳು, ನಾನು ಅಜ್ಜನ್ನ ನೋಡ್ಕೊಂಡೆ. ಇದ್ರಲ್ಲಿ ಕದ್ದಿದ್ದು ಏನು?” ಎಂದಳು. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

“ಮನೆ ಒಂದಾದ್ರೆ ಪದವಿನೂ ಇಬ್ಬರಿಗೂ ಕೊಡ್ತಾರೇನಮ್ಮ? ಆ ಅಕ್ಕನ ಹೆಸರು ಎಲ್ಲಿ?” ಎಂದು ಗದರಿದೆ. ಇಬ್ಬರು ಸದಸ್ಯರು ಅವಳನ್ನು ಹೊರಹಾಕಬೇಕೆಂದರು. ಪಾದ್ರಿ ಸೆಫೋ ಮತ್ತು ಇನ್ನೊಬ್ಬರು ಮತ್ತೆ ಬರೆಸೋಣ ಎಂದರು. ಎಲ್ಲ ನನ್ನ ಒಂದು ಮತಕ್ಕೆ ನಿಂತಿತು. ನಾನು ಬರುವ ಗುರುವಾರಕ್ಕೆ ಮುಂದೂಡಿದೆ.

ಮರುದಿನ ಬೆಳಿಗ್ಗೆ ಕಚೇರಿಗೆ ಹೋದರೆ, ಮೆಟ್ಟಿಲ ಮುಂದೆ ಅವಳ ಅಜ್ಜ ತುಯಿಲೋಮಾ, ಆ ಮನೆತನದ ಯಜಮಾನರು, ತಲೆಯ ಮೇಲೆ ನವಿರಾದ ಚಾಪೆ ಹೊದ್ದು ಕೂತಿದ್ದಾರೆ! ಹಿಂದೆ ಇಡೀ ಕುಟುಂಬ. ಕೊಲೆಯಾದಾಗ, ಅಪಘಾತವಾದಾಗ ತಪ್ಪು ಮಾಡಿದವರ ಮನೆಯವರು ನೊಂದವರ ಬಾಗಿಲಲ್ಲಿ ಹೀಗೆ ಕ್ಷಮೆ ಬೇಡಿ ಕೂತದ್ದನ್ನು ಚಿಕ್ಕಂದಿನಲ್ಲಿ ನಾವಿಬ್ಬರೂ ನೋಡಿದ್ದೇವೆ. ಪ್ರಬಂಧಕ್ಕಾಗಿ ಕೂತದ್ದನ್ನು ನಾನು ಕಂಡಿರಲಿಲ್ಲ. ನೊಂದವರು ಬಂದು ಚಾಪೆ ಎತ್ತುವವರೆಗೆ ಅವರು ಏಳುವುದಿಲ್ಲವಷ್ಟೆ.

ಕುಲಸಚಿವ ಪೌಲೋ ನಿಯಮದ ಪುಸ್ತಕ ಹಿಡಿದು ಓಡಿ ಬಂದ. “ಇದನ್ನ ಎತ್ತೋರು ಯಾರು ಮೇಡಂ? ಇಲ್ಲಿ ನೊಂದೋರು ಯಾರು ಅಂತಾನೇ ಗೊತ್ತಿಲ್ಲ. ಪುಸ್ತಕದಲ್ಲಿ ಚಾಪೆ ವಿಷ್ಯನೇ ಇಲ್ಲ!”

“ಅಧ್ಯಕ್ಷರು ಎತ್ಬೇಕಪ್ಪ, ಇನ್ಯಾರು?” ಎಂದರು ಪಾದ್ರಿಗಳು.

ನಾನು ಎತ್ತಲಿಲ್ಲ, ಪೆನಿನಾ. ಮುಂದೆ ಹೋದೆ, ಬಗ್ಗಿದೆ, ಕೈ ಬರಲಿಲ್ಲ. ಎಂಬತ್ತರ ಆ ಹಿರಿಯರು ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕೂತರು. ಕೊನೆಗೆ ಪಾದ್ರಿಗಳೇ ಚಾಪೆ ಎತ್ತಿ ಅವರನ್ನು ಅಪ್ಪಿಕೊಂಡರು. ಹೊರಡುವಾಗ ತುಯಿಲೋಮಾ ನನ್ನ ಮುಖವನ್ನೇ ನೋಡಿ, “ನಿಂಗೇನು ಕಷ್ಟ ಮಗಳೇ?” ಎಂದರು. ಅಧ್ಯಕ್ಷೆ ಬಲು ಕಟ್ಟುನಿಟ್ಟು ಎಂದು ಈಗ ಊರೆಲ್ಲ ಹೊಗಳುತ್ತಿದೆ. ಕೇಳಿದಾಗಲೆಲ್ಲ ನಾಚಿಕೆಯಾಗುತ್ತದೆ.

ಮಕ್ಕಳಿಗೆ ನನ್ನ ಮುತ್ತುಗಳು. ಆಸ್ಪತ್ರೆಯ ಬಟ್ಟೆ ಒಗೆದೊಗೆದು ಬಿರಿದಿರುವ ನಿನ್ನ ಕೈಗಳನ್ನು ದೇವರು ಕಾಯಲಿ.

ನಿನ್ನ ಅಕ್ಕ,
ತೆಲೆಸಿಯಾ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನು. ಮೂವತ್ತೊಂದು ವರ್ಷದ ಹಿಂದೆ ನಾನು ಟೈಫಾಯಿಡ್ ಬಂದು ಮಲಗಿದ್ದಾಗ ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಬರೆದವಳು ನೀನು. ಪರೀಕ್ಷಕರು ಮೆಚ್ಚಿದ್ದು ಅದೊಂದನ್ನೇ. ಸಹಿ ನಾನು ಹಾಕಿದೆ. ನನಗೆ ಕೆಲಸ ಸಿಕ್ಕಿತು, ನೀನು ಆಕ್ಲೆಂಡಿನ ವಿಮಾನ ಹತ್ತಿದೆ. ಒಂದು ದಿನವೂ ನೀನು ಆ ಮಾತು ಎತ್ತಲಿಲ್ಲ. ಅದೇ ನನ್ನನ್ನು ತಿನ್ನುತ್ತಿದೆ.

ಇವತ್ತು ಎಲ್ಲವನ್ನೂ ಬರೆದು ಪೌಲೋಗೆ ಕೊಟ್ಟೆ. ಗುರುವಾರ ನನ್ನ ಕುರ್ಚಿಯಲ್ಲಿ ಪಾದ್ರಿಗಳು ಕೂರುತ್ತಾರೆ; ಮತ ಸಮವಾದರೆ ಅಧ್ಯಕ್ಷರ ಮಾತೇ ನಡೆಯುತ್ತದೆ, ಹಾಗಾಗಿ ಯಾನೆಟಾ ಉಳಿದುಕೊಳ್ಳುತ್ತಾಳೆ. ನಾನು ಉಳಿಯುತ್ತೇನೋ ಇಲ್ಲವೋ ಗೊತ್ತಿಲ್ಲ. ಗ್ರಂಥಾಲಯದಲ್ಲಿರುವ ಪ್ರತಿಗೆ ನಿನ್ನ ಹೆಸರು ಸೇರಿಸಲು ಕೇಳಿದ್ದೇನೆ. ಅಪ್ಪನ ಹೆಸರಿನೊಂದಿಗೆ ಬರೆಸಲೋ, ಗಂಡನ ಹೆಸರಿನೊಂದಿಗೋ, ತಿಳಿಸು.

ನೀನು ಕಳಿಸಿದ ಶಾಲನ್ನು ತಲೆಯ ಮೇಲೆ ಹೊದ್ದುಕೊಂಡು ಇದನ್ನು ಬರೆಯುತ್ತಿದ್ದೇನೆ.