ಡಬಲ್ ಕೋಟ್ ಒಳಗಿನ ರಕ್ತದ ಗುಂಪು

ಮಾರ್ಚ್ 3

ಮತ್ತೆ ಕೋಟ್‌ಗಳ ಕಾಟ, ಪದದ ಆಚೀಚೆ ಹಾಕುವ ಎರಡೆರಡು ಗೀಟು. ಆಸ್ಪತ್ರೆಯ ಬ್ಲಡ್ ಬ್ಯಾಂಕ್ ಹೊಸ ಡೇಟಾಬೇಸಿಗೆ ಹೋಗುತ್ತಿದೆ. ಹಳೆಯದರಲ್ಲಿ ಡಬಲ್ ಕೋಟ್ ಒಳಗಿದ್ದರೆ ಅದು ಟೇಬಲ್ಲಿನದೋ ಕಾಲಮ್ಮಿನದೋ ಹೆಸರು. ಹೊಸದಕ್ಕೆ ಬರೀ ಒಂದು ಪದ. ಟೇಬಲ್ಲಿಗೆ ಕೋಟ್ ಇದ್ದಲ್ಲೆಲ್ಲ ಎರರ್. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸುತ್ತಿದ್ದೇನೆ.

ಎರರ್ ಬಾರದ ಕ್ವೆರಿಗಳನ್ನೂ, ಮಾಹಿತಿ ಹುಡುಕುವ ಆ ಸಾಲುಗಳನ್ನೂ, ಒಮ್ಮೆ ನೋಡಬೇಕು ಅಂದೆ. ಮ್ಯಾನೇಜರ್ ಕೈ ಆಡಿಸಿದರು. "ಓಡ್ತಾ ಇದ್ಯಲ್ಲ ಮೇಡಂ? ಓಡೋ ಕುದುರೆ ಕಾಲು ಯಾಕೆ ಹಿಡೀತೀರ?"

ನಕ್ಕೆ. ನನಗೂ ಸಾಕಾಗಿತ್ತು.

ಮಾರ್ಚ್ 7

ಹೊಸದು ಶುರು. ಗೇಟಿನ ಹತ್ತಿರ ಭಾವ ತಾವು ಓಡಿಸುವ ಆಂಬುಲೆನ್ಸ್ ತೊಳೆಯುತ್ತಿದ್ದರು. "ಇನ್ನಾದ್ರೂ ಹೊತ್ತಿಗೆ ಸರಿಯಾಗಿ ಮನೆಗೆ ಬರ್ತೀಯೇನೇ ಪುಟ್ಟಿ? ನಿಮ್ಮಕ್ಕ ನನ್ನನ್ನ ಬೈತಾಳೆ."

ಮಾರ್ಚ್ 26

ಹೆರಿಗೆ ವಾರ್ಡಿನಲ್ಲಿ ಒಬ್ಬಳು ಹೋದಳು. ರಕ್ತ ನಿಲ್ಲಲಿಲ್ಲ. ಅಪರೂಪದ ಗುಂಪು. ಲ್ಯಾಬಿನವರು ದಾನಿಗಳ ಪಟ್ಟಿ ತೆಗೆದರು — ಖಾಲಿ. ಬೇರೆ ಊರಿನಿಂದ ತರಿಸುವಷ್ಟರಲ್ಲಿ ಮುಗಿದಿತ್ತು. ಮಗು ಉಳಿದಿದೆ, ಹೆಣ್ಣು.

ಅವಳ ಶವವನ್ನು ಮನೆಗೆ ಮುಟ್ಟಿಸಿ ಬಂದದ್ದು ಭಾವ. ಊಟಕ್ಕೆ ಕೂರಲಿಲ್ಲ.

ಮಾರ್ಚ್ 27

ಯಾವ ಗುಂಪೆಂದು ಭಾವನಿಗೆ ಇವತ್ತು ತಿಳಿಯಿತಂತೆ.

"ನಂದೇ ಗುಂಪು ಕಣೇ. ನಾನು ಕೆಳಗೇ ಇದ್ನಲ್ಲ... ಸಿಮ್ ಬದಲಾಯಿಸಿ ದಾನಿಗಳ ಪಟ್ಟಿಗೆ ಹೊಸ ನಂಬರ್ ಕೊಡೋಕೆ ಮರೆತೆ. ಎಲ್ಲಾ ನನ್ನಿಂದ್ಲೇ."

ನಂಬರ್ ಹಳೆಯದಾದರೂ ಹೆಸರು ಬರಬೇಕಿತ್ತು. ಪಟ್ಟಿ ಖಾಲಿ ಯಾಕೆ?

ಮಾರ್ಚ್ 28, ಬೆಳಿಗ್ಗೆ

ಸಿಕ್ಕಿತು. ಅಪರೂಪಕ್ಕೆ ಯಾರಾದರೂ ಒತ್ತುವ ದಾನಿಗಳ ಪಟ್ಟಿಯ ರಿಪೋರ್ಟ್. ಟೇಬಲ್ಲಿಗೆ ಕೋಟ್ ಇಲ್ಲ, ಗುಂಪಿನ ಕಾಲಮ್ಮಿಗೆ ಮಾತ್ರ ಇದೆ. ಹೊಸ ಡೇಟಾಬೇಸ್ ಕಾಲಮ್ಮಿನೊಳಗೆ ನೋಡಲೇ ಇಲ್ಲ. ಅದರ ಹೆಸರನ್ನೇ ಪದವೆಂದುಕೊಂಡು ಕೇಳಿದ ಗುಂಪಿನ ಜೊತೆ ಹೋಲಿಸಿತು. ಎಂದಾದರೂ ತಾಳೆಯಾದೀತೇ? ಎರರ್ ಇಲ್ಲ. ಸೊನ್ನೆ ಸಾಲು.

ಕೋಟ್ ತೆಗೆದು ಓಡಿಸಿದೆ. ಹೆಸರುಗಳು ಬಂದವು. ಮೊದಲನೆಯದೇ ಭಾವ.

ಮ್ಯಾನೇಜರಿಗೆ ತೋರಿಸಿದೆ. ಅವರು ಎದ್ದು ಬಾಗಿಲು ಹಾಕಿದರು. "ಸುಮ್ನೆ ತಿದ್ದಿಬಿಡಿ. ಹೋದ ಜೀವ ಬರುತ್ತಾ? ನಮ್ಮಿಬ್ರ ಕೆಲಸ ಹೋಗುತ್ತೆ, ಅಷ್ಟೇ."

ತಿದ್ದಿದೆ. ಸುಮ್ಮನಾದೆ.

ಏಪ್ರಿಲ್ 19

ಭಾವ ಫೋನ್ ಕೈಬಿಡುವುದಿಲ್ಲ. ಸ್ನಾನಕ್ಕೆ ಹೋದರೂ ಬಾಗಿಲ ಹೊರಗೆ ಸ್ಟೂಲಿನ ಮೇಲೆ. ಹೊಸ ನಂಬರ್ ಸರಿಯಾಗಿದೆಯೇ ಎಂದು ನನ್ನನ್ನು ಮತ್ತೆ ಮತ್ತೆ ಕೇಳುತ್ತಾರೆ. ಸರಿಯಾಗಿದೆ ಭಾವ ಅನ್ನುತ್ತೇನೆ.

ಏಪ್ರಿಲ್ 20

ಹೇಳಿಬಿಟ್ಟೆ. ಅಡುಗೆಮನೆಯಲ್ಲಿ, ಅಕ್ಕನ ಎದುರಿಗೇ. ನಂಬರಿನ ತಪ್ಪಲ್ಲ ಭಾವ, ನಾನು ತೆಗೆಯದೆ ಬಿಟ್ಟ ಕೋಟ್.

ಅವರ ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದೆ. ಇಲ್ಲ. ಗೋಡೆಗೆ ಒರಗಿ ಕುಳಿತರು. "ಅಂದ್ರೆ... ಕಿಟಕಿಯಿಂದ ಒಂದು ಕೂಗು ಹಾಕಿದ್ರೆ ಸಾಕಿತ್ತು."

ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಆಮೇಲೆ ಎದ್ದರು. "ಆ ಹುಡುಗಿ ಮನೆ ನಂಗೊತ್ತು. ಹಣೇಬರಹ ಅಂದ್ಕೊಂಡು ಮಗು ಸಾಕ್ತಿದಾರೆ ಅವಳಮ್ಮ. ಹೇಳೋಣ, ನಡಿ."

ಅಕ್ಕ ಬೇಡ ಅನ್ನಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

ಹೋಗಲೇಬೇಕು. ಕೆಲಸ ಹೋದರೆ ಹೋಗಲಿ. ಸತ್ತವಳೇನೂ ತಿರುಗಿ ಬರುವುದಿಲ್ಲ. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಆ ತಾಯಿಗೆ ಏನೆಂದು ಶುರು ಮಾಡಲಿ? ಎರಡು ಗೀಟು ಅಂತಲೇ? ಭಾವ ಕೆಳಗಿನಿಂದ ಕೂಗುತ್ತಿದ್ದಾರೆ. ಅಮ್ಮಾ, ನಾನು —