ಅತಿವೇಗದ ರೈಲಿಗೆ ಮುನ್ನ ನಮ್ಮ ರೈಲು ಐದು ನಿಮಿಷ ನಿಲ್ಲಲಿ

ಮಾನ್ಯ ರೈಲ್ವೆ ಯೋಜನಾಧಿಕಾರಿಗಳೇ,

ನಾನು ಆಡದ ಮಾತನ್ನು ನನ್ನ ಹೆಸರಿನಲ್ಲಿ ಬರೆದುಕೊಂಡಿದ್ದೀರಿ. ಅತಿವೇಗದ ಹೊಸ ರೈಲು ಮಾರ್ಗಕ್ಕೆ ಜನಾಭಿಪ್ರಾಯ ಕೇಳಲು ಪುತ್ತೂರಿನ ದರ್ಬೆಯಲ್ಲಿ ನೀವು ಸಭೆ ಕರೆದಾಗ ನಾನು ಎದ್ದುನಿಂತು ಬೇಡಿದ್ದು ಒಂದೇ: ನಮ್ಮ ಬೆದ್ರಮೂಲೆ ಸ್ಟೇಷನ್ನಿನ ಪ್ಲಾಟ್‌ಫಾರಂ ಎತ್ತರಿಸಿ ಕೊಡಿ. "ಅದು ಇವತ್ತಿನ ವಿಷಯ ಅಲ್ಲಮ್ಮ" ಎಂದು ನೀವು ಮೈಕ್ ಮುಂದಿನವರಿಗೆ ದಾಟಿಸಿದಿರಿ. ಈಗ ನಿಮ್ಮ ವರದಿಯಲ್ಲಿ "ನೀಲಾವತಿ ಎಂಬವರು ಯೋಜನೆಯನ್ನು ಸ್ವಾಗತಿಸಿದರು" ಎಂದಿದೆ. ಯಾವ ಬಾಯಿಂದ ಸ್ವಾಗತಿಸಿದೆ, ಸ್ವಾಮಿ?

ನನ್ನ ಗಂಡ ಉದಯ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದವರು. ಎರಡು ವರ್ಷದ ಹಿಂದೆ ಎರಡೂ ಕಿಡ್ನಿ ಕೈಕೊಟ್ಟವು. ಮಂಗಳವಾರ, ಶುಕ್ರವಾರ ಡಯಾಲಿಸಿಸ್‌ಗೆ ಪುತ್ತೂರಿಗೆ ಹೋಗಲೇಬೇಕು. ರಸ್ತೆಯ ಗುಂಡಿಗಳಲ್ಲಿ ಕುಲುಕಿದರೆ ಅರ್ಧ ದಾರಿಯಲ್ಲೇ ವಾಂತಿ, ತಲೆಸುತ್ತು. ಹಾಗಾಗಿ ರೈಲೇ ಗತಿ. ಆದರೆ ನಮ್ಮಲ್ಲಿ ಪ್ಲಾಟ್‌ಫಾರಂ ಅಂದರೆ ಬರೀ ನೆಲ. ಬೋಗಿಯ ಮೊದಲ ಮೆಟ್ಟಿಲು ನನ್ನ ಸೊಂಟದ ಎತ್ತರಕ್ಕಿದೆ, ರೈಲು ನಿಲ್ಲುವುದು ಒಂದೇ ನಿಮಿಷ. ನಮ್ಮನ್ನು ಸ್ಟೇಷನ್ನಿಗೆ ತಂದುಬಿಡುವ ಆಟೋದ ನವಾಝ್ ಮೊದಲು ಹತ್ತಿ ಮೇಲಿನಿಂದ ಕೈ ಎಳೆಯುವುದು, ನಾನು ಕೆಳಗಿನಿಂದ ಬೆನ್ನು ದೂಡುವುದು, ಆಮೇಲೆ ಅವನು ಹಾರಿ ಇಳಿಯುವುದು. ಎರಡು ವರ್ಷ ಹೀಗೇ ನಡೆಯಿತು. ಮೂರು ಮನವಿ ಕೊಟ್ಟೆ. ಮೂರೂ "ಪರಿಶೀಲನೆಯಲ್ಲಿವೆ".

ಕಳೆದ ತಿಂಗಳ ಎರಡನೇ ಶುಕ್ರವಾರ ವಾಪಸು ಬಂದು ಇಳಿಯುವಾಗ ಅವರು ಮೆಟ್ಟಿಲು ತಪ್ಪಿ ಜಲ್ಲಿಯ ಮೇಲೆ ಬಿದ್ದರು. ರೈಲು ಸೀಟಿ ಹೊಡೆದು ಹೊರಟೇಬಿಟ್ಟಿತು. ಕಾಯುತ್ತಿದ್ದ ನವಾಝ್ ಓಡಿಬಂದು ಅವರ ಕಂಕುಳಿಗೆ ಕೈಹಾಕಿ ಚಕ್ರದ ಪಕ್ಕದಿಂದ ಎಳೆದ. "ಅಕ್ಕ, ಕಾಲು ನೋಡಬೇಡಿ, ಮುಖ ನೋಡಿ, ಮಾತಾಡಿಸ್ತಾ ಇರಿ" ಎಂದ. ತೊಡೆಯ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ರಾಡ್ ಹಾಕಿ, ಡಯಾಲಿಸಿಸನ್ನೂ ಅಲ್ಲೇ ಮಾಡಿ, ಕಳೆದ ಬುಧವಾರವಷ್ಟೇ ಮನೆಗೆ ಕಳುಹಿಸಿದರು. ಅವರು ಬಿದ್ದ ಹದಿನೈದನೆಯ ದಿನ ನಿಮ್ಮ ಸಭೆ. ಅಲ್ಲಿಗೆ ನಾನು ಬಂದದ್ದು ಯಾಕೆಂದು ಈಗ ತಿಳಿಯಿತಲ್ಲ?

ಮೊನ್ನೆ ಶುಕ್ರವಾರ ಅವರನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿದೆವು. ಕುರ್ಚಿ ಬಾಗಿಲಿಗೆ ಮುಟ್ಟುವ ಮೊದಲೇ ರೈಲು ಜರುಗಿತು. ಆ ದಿನ ಡಯಾಲಿಸಿಸ್ ತಪ್ಪಿತು. ಶನಿವಾರ ಕಾಲು ಬಾತು, ಉಸಿರು ಸಿಗದೆ, ಅಂಬುಲೆನ್ಸಿನಲ್ಲಿ ಹೋಗಿ ಹೇಗೋ ಉಳಿದರು. ಮನೆಗೆ ಬಂದವರೇ ಗೋಡೆ ಕಡೆ ತಿರುಗಿ ಮಲಗಿ, "ನೀಲಾ, ಸಾಕು ಮಾರಾಯ್ತಿ. ನನ್ನನ್ನು ಎಷ್ಟು ಅಂತ ಹೊರುದು? ಇನ್ನು ನಾನು ಬರುದಿಲ್ಲ" ಎಂದರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಅಂಥ ಮಾತು ಕೇಳಿದ್ದು ಅದೇ ಮೊದಲು.

ನಾನು ವೇಗದ ವೈರಿಯಲ್ಲ. ಬೆಂಗಳೂರು ಎರಡು ಗಂಟೆಗೆ ಹತ್ತಿರವಾಗುವುದಾದರೆ ಸಂತೋಷ. ಆದರೆ ಆ ರೈಲು ನಮ್ಮಲ್ಲಿ ನಿಲ್ಲುವುದಿಲ್ಲವೆಂದು ಸಭೆಯಲ್ಲಿ ನೀವೇ ಹೇಳಿದಿರಿ. ಹೊಸ ಹಳಿಗೆ ಗುಡ್ಡ ಕೊರೆಯುವ ಶಕ್ತಿಯುಳ್ಳ ಸರಕಾರಕ್ಕೆ ಹಳೆಯ ಹಳಿಯ ಪಕ್ಕ ಮೂರಡಿ ಮಣ್ಣು ತುಂಬಿಸಿ ಕಲ್ಲು ಕಟ್ಟುವ ಶಕ್ತಿ ಇಲ್ಲವೇ? ಅರಸರ ಕಾಲವಾಗಿದ್ದರೆ ದೊರೆಯ ಕಿವಿಗೆ ಮುಟ್ಟಲಿಲ್ಲವೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇದು ಪ್ರಜಾಪ್ರಭುತ್ವ. ನೀವು ಕರೆದು, ಮೈಕ್ ಕೊಟ್ಟು, ಕೇಳಿಸಿಕೊಂಡವರು. ಕೇಳಿಸಿಕೊಂಡ ಮೇಲೆ ಬೇರೆಯೇ ಬರೆಯುವುದಾದರೆ ಕೇಳಿದ್ದು ಯಾತಕ್ಕೆ?

ವರದಿಯ ಆ ಸಾಲನ್ನು ತಿದ್ದಿ. ಹೊಸ ಮಾರ್ಗದ ಮೊದಲ ಕಲ್ಲು ನೆಡುವ ಮುಂಚೆ ಈ ಮಾರ್ಗದ ಸಣ್ಣ ಸ್ಟೇಷನ್‌ಗಳ ಪ್ಲಾಟ್‌ಫಾರಂ ಎತ್ತರಿಸಿ. ಅದಕ್ಕೆ ಕಾಲ ಬೇಕೆಂದು ಬಲ್ಲೆ. ಆದರೆ ನಾಡಿದ್ದು ಮಂಗಳವಾರ ಬೆಳಗ್ಗಿನ ರೈಲನ್ನು ಬೆದ್ರಮೂಲೆಯಲ್ಲಿ ಐದು ನಿಮಿಷ ನಿಲ್ಲಿಸಿ. ಅದಕ್ಕೆ ಒಂದು ಫೋನು ಸಾಕು.

ಇವತ್ತು ಬೆಳಗ್ಗೆ ಅವರ ಪಕ್ಕ ಕೂತು, "ದೊಡ್ಡ ಆಫೀಸರಿಗೆ ಹೇಳಿ ಆಗಿದೆ, ಈ ಸಲ ರೈಲು ನಿಲ್ತದೆ, ಅವರು ಒಪ್ಪಿದ್ದಾರೆ" ಎಂದು ಸುಳ್ಳು ಹೇಳಿದೆ. ಗೋಡೆಯಿಂದ ನನ್ನ ಕಡೆ ತಿರುಗಿ, "ಹಾಗಾದರೆ ನನ್ನ ಬಿಳಿ ಅಂಗಿ ಒಗೆದು ಇಡು" ಎಂದರು. ಒಗೆದಿದ್ದೇನೆ.

ಇಂತಿ,
ನಿಮ್ಮ ಪರವಾಗಿ ಗಂಡನಿಗೆ ಮಾತು ಕೊಟ್ಟುಬಿಟ್ಟಿರುವ
ನೀಲಾವತಿ
ಬೆದ್ರಮೂಲೆ, ಕಡಬ ತಾಲೂಕು