ಬೇವಿನ ಕಟ್ಟು ಬಿಚ್ಚಿದವಳು

ಮೇಚೇರಿ ಪಕ್ಕದ ನಮ್ಮ ಹಟ್ಟಿಯಿಂದ
೧೦ ಅಕ್ಟೋಬರ್ ೧೯೭೩

ನನ್ನ ಕೋಪಿಷ್ಠೆ ಮಂಜುಳಾ,

ನಿನ್ನ ಕಾರ್ಡು ನಿನ್ನೆ ಸಿಕ್ಕಿತು. ಪೋಸ್ಟ್‌ಮನ್ ನಾಗರಾಜನ್ ಅದನ್ನು ಗಡಿಕಲ್ಲಿನ ಮೇಲಿಟ್ಟು, ಹಾರದಂತೆ ಇನ್ನೊಂದು ಕಲ್ಲು ಹೇರಿ, ದೂರ ಹೋಗಿ ನಿಂತು ನನ್ನ ಹೆಸರು ಕೂಗಿದ. ಬದುಕಿದ್ದೀಯಾ ಸತ್ತಿದ್ದೀಯಾ ಎಂದು ಕೇಳಿದ್ದೀಯಲ್ಲ, ಬದುಕಿದ್ದೇನೆ. ಅಂತರರಾಷ್ಟ್ರೀಯ ಕಾನೂನಿನ ಪರೀಕ್ಷೆಯ ದಿನ ನನ್ನ ಕುರ್ಚಿ ಖಾಲಿ ಇದ್ದದ್ದು ನೋಡಿ ಬರೆಯುವುದು ಬಿಟ್ಟು ಬಾಗಿಲನ್ನೇ ಕಾಯುತ್ತ ಕೂತಿದ್ದಾಗಿ ಬರೆದಿದ್ದೀ. ನಿನ್ನ ಉತ್ತರ ಕೆಟ್ಟಿದ್ದರೆ ಅದಕ್ಕೂ ನಾನೇ ಹೊಣೆ ಎಂದು ಬರೆದುಕೋ. ಈಗ ಹೊಣೆ ಹೊರುವುದರಲ್ಲಿ ನನಗೆ ಚೆನ್ನಾಗಿ ಅಭ್ಯಾಸವಾಗುತ್ತಿದೆ.

ಐದು ದಿನದ ಮಟ್ಟಿಗೆ ಅಜ್ಜಿಯನ್ನು ನೋಡಲು ಊರಿಗೆ ಬಂದವಳು ನಾನು. ಬಂದ ಎರಡನೆಯ ದಿನ ನಮ್ಮ ಮಂದೆಯಲ್ಲಿ ಸಿಡುಬು ಕಾಣಿಸಿಕೊಂಡಿತು. ಮೊದಲು ಒಂದು ಕುರಿಯ ತುಟಿ ಮೇಲೆ, ಆಮೇಲೆ ನಾಲ್ಕರ ಕೆಚ್ಚಲ ಮೇಲೆ. ಅಪ್ಪ ಬೇವಿನ ಸೊಪ್ಪನ್ನು ಕರಿ ಉಣ್ಣೆಯ ದಾರದಲ್ಲಿ ಕಟ್ಟಿ, ಕುರಿ ನೀರು ಕುಡಿಯುವ ಕುಂಟೆಯ ದಡದ ಕಂಬಕ್ಕೆ ತೂಗುಹಾಕಿದ. ಆ ಕುಂಟೆಯ ನೀರು ನಮಗೂ ಆಚೆ ಊರಿನ ಪಳನಿಯಪ್ಪನ್ ಮನೆಯವರಿಗೂ ಸೇರಿದ್ದು. ಕಟ್ಟು ಕಂಡರೆ ಅವರ ಮಂದೆ ಇಳಿಯುವುದಿಲ್ಲ. ಕಟ್ಟಿದ ಮನೆಯವರು ನಲವತ್ತು ದಿನ ಗಡಿಕಲ್ಲು ದಾಟುವುದಿಲ್ಲ, ಮನುಷ್ಯರೂ ಸಹ. ಯಾರೂ ಇದನ್ನು ಬರೆದಿಟ್ಟಿಲ್ಲ. ಕಾವಲಿಲ್ಲ, ದಂಡ ಹಾಕುವ ಕಛೇರಿಯೂ ಇಲ್ಲ.

ಪರೀಕ್ಷೆಗೆ ಐದೇ ದಿನ ಉಳಿದಿತ್ತು. ಅಪ್ಪನ ಹತ್ತಿರ ವಾದಕ್ಕೆ ಕೂತೆ. ಸರ್ಕಾರಿ ಡಾಕ್ಟರು ಸೂಜಿ ಹಾಕಿ ಹೋಗಿದ್ದಾರೆ, ನಾನು ಕುರಿ ಮುಟ್ಟಿಲ್ಲ, ಹೋದರೆ ನೋಡುವವರು ಯಾರು ಎಂದೆ. ಅಪ್ಪ ಬೀಡಿ ಆರಿಸಿ, "ನೋಡೋರಿಲ್ಲ ಅಂತ ಬುಡಕ್ಕಾಯ್ತದೇನವ್ವಾ? ಅವ್ರ ಮಂದೇಲಿ ಬಂದಾಗ ಅವ್ರೂ ಕಟ್ಟವ್ರೆ. ಕಟ್ಬೇಕು, ಅಷ್ಟೇಯ" ಎಂದ. ಬಹುಕಾಲದ ನಡವಳಿಕೆ, ಜೊತೆಗೆ ಹಾಗೆ ನಡೆಯಲೇಬೇಕೆಂಬ ನಂಬಿಕೆ, ಎರಡೂ ಸೇರಿದರೆ ರೂಢಿ ಕಾನೂನಾಗುತ್ತದೆ ಎಂದು ನಾವಿಬ್ಬರೂ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಉರು ಹೊಡೆದೆವಲ್ಲ, ನೆನಪಿದೆಯಾ? ಅದನ್ನೇ ಅಪ್ಪ ಬೀಡಿ ಹಿಡಿದುಕೊಂಡು ಹೇಳುತ್ತಿದ್ದ. ನನಗೆ ಮಾತ್ರ ಆಗ ಬಸ್ಸಿನ ಟೈಮು ಬಿಟ್ಟು ಬೇರೇನೂ ತಲೆಗೆ ಹೋಗಲಿಲ್ಲ.

ಸೆಪ್ಟೆಂಬರ್ ಹದಿನೈದರ ಬೆಳಗ್ಗೆ, ಅಮ್ಮ ಹಿಟ್ಟು ಬೀಸುತ್ತಿದ್ದಾಗ, ಕುಂಟೆಗೆ ಹೋಗಿ ಬೇವಿನ ಕಟ್ಟು ಬಿಚ್ಚಿ ಪೊದೆಗೆ ಎಸೆದೆ. ಕಟ್ಟು ಇಲ್ಲದಿದ್ದರೆ ದಾರಿಯಲ್ಲಿ ಯಾರೂ ನನ್ನನ್ನು ತಡೆಯುವುದಿಲ್ಲ, ಬಸ್ಸಿನಿಂದ ಇಳಿಸುವುದಿಲ್ಲ. ಅಷ್ಟೇ ಲೆಕ್ಕ. ಓಮಲೂರಿನವರೆಗೆ ಹೋದೆ. ಅಲ್ಲಿ ಬೆಂಗಳೂರಿನ ಬಸ್ಸು ಬಂದು ನಿಂತಾಗ ಯಾಕೋ ಹತ್ತಲಿಲ್ಲ, ವಾಪಸ್ಸು ಬಂದುಬಿಟ್ಟೆ. ನಾನು ಅಜ್ಜಿಯ ಹತ್ತಿರ ಇದ್ದೇನೆಂದೇ ಮನೆಯವರು ಅಂದುಕೊಂಡಿದ್ದರು. ಅಷ್ಟರಲ್ಲಿ ಪಳನಿಯಪ್ಪನ್ ಮಂದೆ ನೀರು ಕುಡಿದು ಹೋಗಿತ್ತು. ಖಾಲಿ ಕಂಬ ನೋಡಿ ಅಪ್ಪ ಆಡುಗಳು ಸೊಪ್ಪು ತಿಂದಿವೆ ಎಂದು ಬೈದು ಹೊಸದು ಕಟ್ಟಿದ. ಆಡುಗಳ ಪರವಾಗಿ ನಾನು ಬಾಯಿ ಬಿಡಲಿಲ್ಲ.

ಮೂರು ವಾರದಲ್ಲಿ ಆಚೆ ಊರಿನಲ್ಲಿ ಎಂಟು ಕುರಿ ಸತ್ತವು. ಕಳೆದ ಭಾನುವಾರ ಪಂಚಾಯ್ತಿ ಸೇರಿತು. ಗಡಿ ದಾಟುವಂತಿಲ್ಲವಲ್ಲ, ಕುಂಟೆಯ ಈ ದಡದಲ್ಲಿ ನಾವು, ಆ ದಡದಲ್ಲಿ ಅವರು, ನ್ಯಾಯವೆಲ್ಲ ನೀರಿನ ಮೇಲೆ ಕೂಗಾಟದಲ್ಲೇ. ಕರಿಯಪ್ಪ ರೋಗ ಮುಚ್ಚಿಟ್ಟ, ಮಾತಿಗೆ ತಪ್ಪಿದ ಎಂದು ಪಳನಿಯಪ್ಪನ್ ಅಪ್ಪನ ಹೆಸರು ಹಿಡಿದು ಕೂಗಿದ. ನಮ್ಮಪ್ಪ ತಲೆ ತಗ್ಗಿಸಿ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಎದ್ದು ನಿಂತು, ಬಿಚ್ಚಿದವಳು ನಾನು, ಪರೀಕ್ಷೆಗೆ ಹೋಗಬೇಕಿತ್ತು, ಸೂಜಿ ಹಾಕಿದ ಮೇಲೆ ರೋಗ ಹೋಯಿತು ಅಂದುಕೊಂಡೆ ಎಂದು ಗಂಟಲು ಹರಿಯುವಂತೆ ಕೂಗಿದೆ.

ಪಳನಿಯಪ್ಪನ್ ನಕ್ಕುಬಿಟ್ಟ! "ಚಿನ್ನಪ್ಪೊಣ್ಣು, ವಿಡು ಕರಿಯಪ್ಪಾ" ಎಂದ ತಮಿಳಿನಲ್ಲಿ. ಕರಿಯಪ್ಪ ಮಾತಿಗೆ ತಪ್ಪಿಲ್ಲ ಎಂದಾಯಿತು, ಸಣ್ಣ ಹುಡುಗಿ ಮಾಡಿದ್ದನ್ನು ಯಾರು ಹಿಡಿಯುತ್ತಾರೆ, ಬಿಡು ಎಂದು. ಸತ್ತ ಕುರಿಗೆ ಬದಲು ಕುರಿ ಕೊಡುವುದು ನಮ್ಮ ಎರಡೂ ಊರಿನ ಪದ್ಧತಿ. ಅದನ್ನೂ ಬಿಟ್ಟರು. ಅಮ್ಮ ದೇವರಿಗೆ ಕೈ ಮುಗಿದಳು. ಅಪ್ಪ ಪಂಚೆ ಕೊಡವಿಕೊಂಡು ಹೊರಡಲು ತಿರುಗಿದ.

ನನಗೆ ಮೈಯೆಲ್ಲ ಉರಿಯಿತು, ಮಂಜುಳಾ. ಇಪ್ಪತ್ತೆರಡು ವರ್ಷದವಳು ನಾನು. ಹಕ್ಕು ಇರುವವನಿಗೆ ಹೊಣೆಯೂ ಇರಬೇಕು, ಎರಡನ್ನೂ ಹೊರಬಲ್ಲವನೇ ಕಾನೂನಿನ ಕಣ್ಣಿಗೆ ವ್ಯಕ್ತಿ ಎಂದು ನಮ್ಮ ಮೇಷ್ಟ್ರು ಮೊದಲ ವಾರವೇ ಹೇಳಿದ್ದರು. ನನ್ನ ತಪ್ಪನ್ನೇ ತಪ್ಪೆಂದು ಎಣಿಸದವರು ನಾಳೆ ನನ್ನ ನ್ಯಾಯವನ್ನು ಎಣಿಸುತ್ತಾರಾ? ಹುಟ್ಟಿದ ಹೆಣ್ಣುಮಗುವಿಗೆ ಸೋದರಮಾವ ಒಂದು ಕುರಿಮರಿ ಕೊಡುವುದು ನಮ್ಮಲ್ಲಿ ರೂಢಿ, ಅದರ ಸಂತಾನವೆಲ್ಲ ಅವಳದು. ಸಿಡುಬು ಕಳೆದು ನನ್ನವು ಹನ್ನೆರಡು ಉಳಿದಿವೆ. ಅದರಲ್ಲಿ ಎಂಟು ನಿಮ್ಮವು, ನಲವತ್ತನೆಯ ದಿನ ಹೊಡೆದುಕೊಂಡು ಬರುತ್ತೇನೆ ಎಂದು ಕೂಗಿದೆ. ಪಳನಿಯಪ್ಪನ್ ಮತ್ತೆ ನಕ್ಕು, "ಪಾಕ್ಕಲಾಂ, ಪಾಕ್ಕಲಾಂ" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟೇಹೋದ. ನೋಡೋಣವಂತೆ! ಮಿಠಾಯಿ ಬೇಡುವ ಮಗುವಿಗೆ ಹೇಳುವ ಹಾಗೆ.

ಮನೆಗೆ ಬಂದ ಮೇಲೆ ಅಮ್ಮನದು ಒಂದೇ ಸಮ. "ಅವ್ರೇ ಬುಟ್ಟ ಮ್ಯಾಲೆ ನಿಂಗ್ಯಾಕ್ಲೇ ಈ ಅಟ? ಕುರಿ ಓದ್ರೆ ನಿನ್ ಮದ್ವೆಗೆ ಏನೈತೆ?" ಮದುವೆಗೆ ಏನಿದೆಯೋ ಗೊತ್ತಿಲ್ಲ, ಹಟ ಮಾತ್ರ ಇದೆ.

ಈ ಸಲದ ಪರೀಕ್ಷೆ ಹೋಯಿತು. ಏಪ್ರಿಲ್‌ನಲ್ಲಿ ಬರೆಯುತ್ತೇನೆ, ಯಾರು ಬೇಡವೆಂದರೂ ಬರೆಯುತ್ತೇನೆ. ರಾಜ್ಯಗಳ ಹೊಣೆಗಾರಿಕೆಯ ಪಾಠದ ನಿನ್ನ ನೋಟ್ಸ್ ಕಳಿಸು, ಗಡಿಕಲ್ಲಿನವರೆಗೆ ನಾಗರಾಜನ್ ತರುತ್ತಾನೆ. ನೀನು ಕಲಿಸಿದ ಕನ್ನಡ ಅಕ್ಷರದಲ್ಲಿ ತಪ್ಪಿದ್ದರೆ ನಗಬೇಡ, ಶಾಲೆಯಲ್ಲಿ ನಾನು ಓದಿದ್ದು ತಮಿಳು. ನಿನ್ನನ್ನು ನೋಡಬೇಕು ಅನ್ನಿಸುತ್ತಿದೆ ಕಣೇ, ತುಂಬಾ.

ನಿನ್ನ
ಅಂಕಮ್ಮ

ಮರೆತದ್ದಲ್ಲ, ಮುಚ್ಚಿಟ್ಟದ್ದು (೧೧ರ ಬೆಳಗ್ಗೆ): ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ರೋಗ ಹೋಗಿದೆ ಅಂದುಕೊಂಡೆ ಎಂದು ಪಂಚಾಯ್ತಿಯಲ್ಲಿ ಹೇಳಿದ್ದು ಸುಳ್ಳು. ಹೋಗಿಲ್ಲವೆಂದು ಗೊತ್ತಿತ್ತು. ಅಂದು ಬಸ್ಸು ಹೊರಟಾಗ ಪಳನಿಯಪ್ಪನ್ ಮಂದೆ ಕುಂಟೆಯ ದಾರಿ ಹಿಡಿದದ್ದನ್ನು ಕಿಟಕಿಯಿಂದ ನೋಡಿದೆ. ಒಂದು ಕೂಗು ಹಾಕಿದ್ದರೆ ಕಂಡಕ್ಟರ್ ನಿಲ್ಲಿಸುತ್ತಿದ್ದ. ಓಮಲೂರಿನವರೆಗೆ ಬಾಯಿ ಮುಚ್ಚಿ ಕೂತಿದ್ದೆ. ಇದನ್ನು ನಿನಗೂ ಬರೆಯಲಿಲ್ಲ. ಈಗ ತಾನೇ ಕುಂಟೆಯ ದಡಕ್ಕೆ ಹೋಗಿ ಪಳನಿಯಪ್ಪನನ್ನು ಕೂಗಿ ಕರೆದು ಎಲ್ಲ ಹೇಳಿದೆ. ಅಪ್ಪ ನನ್ನ ಹಿಂದೆಯೇ ನಿಂತಿದ್ದ. ಈ ಸಲ ಪಳನಿಯಪ್ಪನ್ ನಗಲಿಲ್ಲ. ಅಪ್ಪನ ಕಡೆ ಒಮ್ಮೆಯೂ ತಿರುಗದೆ, ನನ್ನನ್ನೇ ದಿಟ್ಟಿಸಿ, ಹಾಗಾದರೆ ಎಂಟು ಸಾಲದು, ಹತ್ತು ಕೊಡುತ್ತೀಯಾ ಎಂದು ಕೇಳಿದ. ಕೊಡುತ್ತೇನೆ ಎಂದೆ.